ಎತ್ತರಿಸಿದ ಪಿಕಪ್ ಮತ್ತು ಅದರ ಅಪ್ಪರ್ ಆರ್ಮ್: ಒಂದು ವಿಮರ್ಶೆ

ಇಸುಝು ವಿ-ಕ್ರಾಸ್, ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್ ಮೊದಲಾದ ಪಿಕಪ್‌ಗಳನ್ನು ಕಾರ್ಖಾನೆಯ ಅಳತೆಗಿಂತ ಮೇಲಕ್ಕೆ ಎತ್ತರಿಸಿಕೊಳ್ಳುವ ರೂಢಿಯಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ನಿಲುವು ಮತ್ತು ದಪ್ಪ ಟೈರುಗಳೇ ಆದರೂ, ಆ ನಿಲುವು ಎಷ್ಟು ಸುರಕ್ಷಿತ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮುಂಚಕ್ರದ ಒಳಬದಿಯಲ್ಲಿರುವ, ಗ್ಯಾರೇಜುಗಳಲ್ಲಿ ಅಪ್ಪರ್ ಆರ್ಮ್ ಎಂದು ಕರೆಯಲಾಗುವ ಕಂಟ್ರೋಲ್ ಆರ್ಮ್. ಈ ಎರಡು ವಾಹನಗಳ ಮುಂಭಾಗದಲ್ಲಿ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಸ್ಪ್ರಿಂಗ್ ಹೊರಿಸುವ ಭಾರವನ್ನು ಕೆಳಗಿನದು ತಾಳಿಕೊಂಡರೆ ಮೇಲಿನದು ಚಕ್ರದ ನಿಲುವನ್ನು ಹಿಡಿದಿಡುತ್ತದೆ. ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಮಾನು, ಇರುವ ಸರಕು ಪಿಕಪ್‌ಗಳಿಗೆ ಈ ಚರ್ಚೆ ಅನ್ವಯಿಸದು.

ವಾಹನವನ್ನು ಎತ್ತರಿಸಿದಾಗ ಎರಡೂ ಆರ್ಮ್‌ಗಳು ಸದಾ ಕೆಳಮುಖವಾಗಿ ಇಳಿಬಿದ್ದೇ ಇರಬೇಕಾಗುತ್ತದೆ. ಆರ್ಮ್‌ನ ತುದಿಯಲ್ಲಿ ಚಕ್ರ ಎಲ್ಲ ದಿಕ್ಕಿಗೂ ತಿರುಗಲು ಅನುವು ಮಾಡುವ ಬಾಲ್ ಜಾಯಿಂಟ್ ತನ್ನ ಕೋನದ ಮಿತಿಯ ಅಂಚಿನಲ್ಲಿ ದುಡಿಯತೊಡಗುತ್ತದೆ, ಗುಂಡಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಆರ್ಮ್ ಸ್ಪ್ರಿಂಗಿಗೆ ತಾಗುವುದೂ ಉಂಟು. ಇದಕ್ಕಿಂತ ಮುಖ್ಯವಾಗಿ, ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ, ಅಂದರೆ ಕ್ಯಾಸ್ಟರ್, ಸಾಮಾನ್ಯವಾಗಿ ಕುಗ್ಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿಯೇ ನೆಟ್ಟಗಾಗುವುದು ಬಹುಮಟ್ಟಿಗೆ ಈ ವಾಲಿಕೆಯಿಂದ ಆದ್ದರಿಂದ, ಅದನ್ನು ಕಳೆದುಕೊಂಡ ವಾಹನ ತುಮಕೂರಿನ ಬಳಿಯ ರಾಷ್ಟ್ರೀಯ ಹೆದ್ದಾರಿ 48ರ ವೇಗದಲ್ಲಿ ಅತ್ತಿತ್ತ ಅಲೆಯುತ್ತದೆ. ಹೊರಗಿನ ಕಂಪನಿಗಳ ಒಳ್ಳೆಯ ಅಪ್ಪರ್ ಆರ್ಮ್ ಮಾಡುವ ಕೆಲಸವೆಂದರೆ ಬಾಲ್ ಜಾಯಿಂಟನ್ನು ಬೇರೆ ಕೋನದಲ್ಲಿ ಕೂರಿಸಿ, ಕಳೆದುಹೋದ ಕ್ಯಾಸ್ಟರನ್ನು ಮರಳಿ ಒದಗಿಸಿ, ಸ್ಪ್ರಿಂಗಿಗೆ ಜಾಗ ಬಿಡುವುದು. ಎತ್ತರವನ್ನು ಕೊಡುವುದು ಅದರ ಕೆಲಸವಲ್ಲ, ಎತ್ತರದಿಂದ ಕೆಟ್ಟದ್ದನ್ನು ಸರಿಪಡಿಸುವುದು ಅದರ ಕೆಲಸ. ಮಾರುಕಟ್ಟೆಯ ಪ್ರಚಾರ ಈ ಭೇದವನ್ನು ಮರೆಸಿಬಿಡುವುದು ಈ ರೂಢಿಯ ಮೊದಲ ದೋಷ.

ಎರಡನೆಯ ದೋಷ ಕೊಳ್ಳುವವರ ನೋಟಕ್ಕೆ ಸಂಬಂಧಿಸಿದ್ದು. ದಪ್ಪ ಕೊಳವೆ, ಹೊಳೆಯುವ ಬಣ್ಣ, ಬೆಸುಗೆಯ ಅಂದ ಇವುಗಳನ್ನು ನೋಡಿ ಆರ್ಮ್ ಆರಿಸುವುದುಂಟು. ಆದರೆ ಸವೆಯುವುದು ಕೊಳವೆಯಲ್ಲ, ಅದರ ಎರಡು ತುದಿಗಳು. ಚಾಸಿಗೆ ಸೇರುವ ತುದಿಯಲ್ಲಿ ರಬ್ಬರ್ ಬುಷ್, ಪಾಲಿಯುರಿಥೇನ್ ಬುಷ್ ಅಥವಾ ಉಕ್ಕಿನ ಗೋಳಾಕಾರದ ಬೇರಿಂಗ್ ಇರಬಹುದು. ಮರಳುಗಾಡಿನ ಸ್ಪರ್ಧೆಗಳಲ್ಲಿ ಮೆಚ್ಚುಗೆ ಪಡೆದ ಗೋಳಾಕಾರದ ಬೇರಿಂಗ್ ತುಮಕೂರು ಸೀಮೆಯ ಕೋರದ ಸುತ್ತಿನ ಮಣ್ಣುದಾರಿಗಳಿಗೆ, ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಧೂಳಿಗೆ, ಗುಬ್ಬಿಯ ತೆಂಗಿನ ತೋಟಗಳ ಮಳೆಗಾಲದ ಕೆಸರಿಗೆ ತಕ್ಕದ್ದಲ್ಲ. ಮುಚ್ಚಳವಿಲ್ಲದ ಉಕ್ಕಿನ ಮೈಗಳ ನಡುವೆ ಮಣ್ಣು ಸೇರಿದರೆ ಅದು ಬೇಗ ಸವೆದು ಸದ್ದು ಮಾಡತೊಡಗುತ್ತದೆ. ಪಾಲಿಯುರಿಥೇನ್ ಬಿಗುವಾಗಿರುತ್ತದೆ, ಆದರೆ ಕಾಲಕಾಲಕ್ಕೆ ಗ್ರೀಸ್ ಬೇಡುತ್ತದೆ. ಹಾಲು, ಎಳನೀರು, ಗೊಬ್ಬರ ಸಾಗಿಸುತ್ತ ದಿನವೂ ದುಡಿಯುವ ವಾಹನಕ್ಕೆ ಹಳೆಯ ರಬ್ಬರ್ ಬುಷ್ಷೇ ಉತ್ತಮ ಎಂಬುದರಲ್ಲಿ ಸಂಶಯ ಬೇಡ. ಹಾಗೆಯೇ ಬಾಲ್ ಜಾಯಿಂಟಿಗೆ ಹರಿಯದ ರಬ್ಬರ್ ಹೊದಿಕೆ ಇರಬೇಕು, ಜಾಯಿಂಟ್ ಸವೆದಾಗ ಇಡೀ ಆರ್ಮನ್ನು ಬಿಸಾಡದೆ ಅದನ್ನಷ್ಟೇ ಬದಲಿಸುವಂತಿರಬೇಕು, ಆ ಬಿಡಿಭಾಗ ತುಮಕೂರಿನಲ್ಲಿ ಇಲ್ಲವೇ ಬೆಂಗಳೂರಿನಲ್ಲಿ ಸಿಗುವಂತಿರಬೇಕು. ವಿದೇಶದಿಂದ ಬರುವ ಜಾಯಿಂಟಿಗಾಗಿ ವಾರಗಟ್ಟಲೆ ನಿಂತ ಪಿಕಪ್ ಯಾವ ರೈತನಿಗೂ ಉಪಯೋಗಕ್ಕಿಲ್ಲ.

ಅಪ್ಪರ್ ಆರ್ಮ್ ಎಲ್ಲವನ್ನೂ ಸರಿಪಡಿಸುತ್ತದೆ ಎಂಬ ನಂಬಿಕೆಯೂ ತಪ್ಪು. ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ಮುಂಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಕೋನ ಆರ್ಮ್ ಬದಲಿಸಿದರೂ ಕಡಿದಾಗಿಯೇ ಉಳಿಯುತ್ತದೆ, ಬ್ರೇಕ್ ಹೋಸ್ ಬಿಗಿಯಾಗಿಯೇ ಇರುತ್ತದೆ. ಎತ್ತರ ಸುಮಾರು 50 ಮಿಲಿಮೀಟರಿನ ಒಳಗಿದ್ದರೆ ಈ ತೊಂದರೆಗಳು ಸಹ್ಯ. ಅದಕ್ಕಿಂತ ಮೇಲೆ ಏರುವುದಕ್ಕೆ ಈ ಸೀಮೆಯ ಬಂಡಿಜಾಡು, ಕೆರೆ ಏರಿ, ಕಾಲುವೆ ದಾರಿಗಳಲ್ಲಿ ಯಾವ ಕಾರಣವೂ ಕಾಣುವುದಿಲ್ಲ.

ಕಾನೂನಿನ ಮಾತನ್ನೂ ಬದಿಗಿಡಲಾಗದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂಥ ಮಾರ್ಪಾಡನ್ನು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರು 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ಎದುರಿಸಬೇಕಾದೀತು. ಇದನ್ನು ಗಿರಾಕಿಗೆ ಮೊದಲೇ ತಿಳಿಸುವುದು ಎತ್ತರಿಸಿಕೊಡುವವರ ಕರ್ತವ್ಯ.

ಇಷ್ಟೆಲ್ಲ ಅರಿತು ಆರಿಸಿದ ಆರ್ಮ್ ಕೂಡ ಜೋಡಣೆಯಲ್ಲಿ ಕೆಡಬಹುದು. ಲೋಹಕ್ಕೆ ಅಂಟಿಕೊಂಡ ರಬ್ಬರ್ ಬುಷ್ ತಿರುಚಿಕೊಂಡೇ ಕೆಲಸ ಮಾಡುವುದರಿಂದ, ಜಾಕ್ ಮೇಲೆ ಚಕ್ರ ಜೋತಾಡುತ್ತಿರುವಾಗಲೇ ಅದರ ಬೋಲ್ಟನ್ನು ಬಿಗಿದರೆ, ವಾಹನ ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಆದ್ದರಿಂದ ಕೊನೆಯ ಬಿಗಿತ ನಾಲ್ಕೂ ಚಕ್ರಗಳು ನೆಲದ ಮೇಲಿದ್ದಾಗಲೇ ಆಗಬೇಕು. ತೆಂಗಿನಕಾಯಿ ತುಂಬಿದಾಗ ಹಿಂಭಾಗ ಕುಸಿದು ಮೂತಿ ಮೇಲೇಳುವ ಪಿಕಪ್‌ನಲ್ಲಿ ಕ್ಯಾಸ್ಟರ್ ಕೋನವೂ ಹೆಡ್‌ಲೈಟಿನ ದಿಕ್ಕೂ ಬದಲಾಗುತ್ತವೆಯಾದ್ದರಿಂದ, ವೀಲ್ ಅಲೈನ್‌ಮೆಂಟ್ ಮತ್ತು ದೀಪದ ಹೊಂದಾಣಿಕೆಯನ್ನು ಖಾಲಿ ಗಾಡಿಯಲ್ಲಿ ಮಾಡಿಸಿ ಸುಮ್ಮನಾಗದೆ, ದಿನನಿತ್ಯ ಹೊರುವಷ್ಟು ಭಾರ ಹೊರಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.