ಜಾಲದಲ್ಲಿ ಪಠ್ಯಪುಸ್ತಕ: ಗ್ರಂಥಸಂಪಾದನೆಯ ದೃಷ್ಟಿಯಿಂದ ಒಂದು ವಿಚಾರ

ಹಳೆಯ ಓಲೆಗರಿಯ ಕಟ್ಟನ್ನು ಬಿಚ್ಚಿದೊಡನೆ ಸಂಪಾದಕನು ಕೇಳಿಕೊಳ್ಳುವ ಪ್ರಶ್ನೆಗಳು ಕೆಲವುಂಟು. ಈ ಪ್ರತಿ ಯಾವ ಕಾಲದ್ದು? ಇದನ್ನು ಎತ್ತಿ ಬರೆದವರು ಯಾರು? ಇದರ ಮೂಲ ಯಾವುದು? ಡಿ. ಎಲ್. ನರಸಿಂಹಾಚಾರ್ಯರು ತಮ್ಮ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ (1964) ಈ ಶಾಸ್ತ್ರವನ್ನು ನಮ್ಮ ವಿದ್ಯಾರ್ಥಿಗಳಿಗೆ ಕ್ರಮವಾಗಿ ನಿರೂಪಿಸಿಕೊಟ್ಟಿದ್ದಾರೆ. ಆದರೆ ಅದು ಪಂಪ ರನ್ನರಿಗೆ ಮಾತ್ರ ಸಲ್ಲತಕ್ಕದ್ದು, ಹತ್ತನೆಯ ತರಗತಿಯ ಪಠ್ಯಪುಸ್ತಕಕ್ಕೆ ಅದರ ಗೊಡವೆ ಬೇಡ ಎಂಬ ಭಾವನೆ ನಮ್ಮಲ್ಲಿ ಬೇರೂರಿದಂತಿದೆ. ಈ ಭಾವನೆ ತಪ್ಪೆಂಬುದು ನಮ್ಮ ಅಭಿಪ್ರಾಯ.

ಕರ್ನಾಟಕ ಪಠ್ಯಪುಸ್ತಕ ಸಂಘವು ಶಾಲಾ ಪುಸ್ತಕಗಳನ್ನು ಪಿ.ಡಿ.ಎಫ್. ಕಡತಗಳಾಗಿ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತಿರುವುದು ದೊಡ್ಡ ಉಪಕಾರವೇ ಸರಿ. ಮುದ್ರಿತ ಪುಸ್ತಕದ ಕಟ್ಟು ಯಲಹಂಕದ ಶಾಲೆಗೆ ಇನ್ನೂ ತಲುಪದಿದ್ದರೂ ಅಲ್ಲಿನ ಉಪಾಧ್ಯಾಯರು ಪಾಠವನ್ನು ಫೋನಿಗೆ ಇಳಿಸಿಕೊಂಡು ಹೇಳಬಹುದು. ಬೇಕಾದ ನಾಲ್ಕು ಹಾಳೆಗಳನ್ನಷ್ಟೇ ಯಶವಂತಪುರದ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಬಹುದು. ಬೆಳಿಗ್ಗೆ ಒಬ್ಬರು ವಾಟ್ಸಾಪಿನಲ್ಲಿ ಕಳಿಸಿದ ಕಡತ ಸಂಜೆಯೊಳಗೆ ಹೆಬ್ಬಾಳ, ಆರ್. ಟಿ. ನಗರಗಳನ್ನು ಸುತ್ತಿ ಬರುತ್ತದೆ. ಲಿಪಿಕಾರನಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಕ್ಷಣಮಾತ್ರದ್ದು. ಆದರೆ ಆ ಲಿಪಿಕಾರನು ಪ್ರತಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತನ್ನ ಹೆಸರನ್ನೂ ಬರೆದಿಡುತ್ತಿದ್ದುದುಂಟು. ಹತ್ತು ಕೈ ದಾಟಿ ಬಂದ ಈಗಿನ ಕಡತವು ಯಾವ ದಿನ ಜಾಲತಾಣದಿಂದ ಇಳಿದದ್ದು, ಆಮೇಲೆ ಮೂಲದಲ್ಲಿ ಏನಾದರೂ ಬದಲಾಯಿತೇ ಎಂಬುದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.

ಇದರ ಫಲವನ್ನು ನಾವು 2022ರ ಮೇ ತಿಂಗಳಲ್ಲಿ ಕಂಡೆವು. ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ಹಿಂದೆ ಪರಿಷ್ಕಾರಗೊಂಡಿದ್ದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥರ ಅಧ್ಯಕ್ಷತೆಯ ಸಮಿತಿ ಮತ್ತೆ ಪರಿಷ್ಕರಿಸಿತ್ತು. ಹತ್ತನೆಯ ತರಗತಿಯ ಕನ್ನಡ ಪುಸ್ತಕದಿಂದ ಭಗತ್ ಸಿಂಗ್ ಪಾಠವನ್ನು ಕೈಬಿಡಲಾಗಿದೆ ಎಂದು ಒಂದು ಪಕ್ಷ ಹೇಳಿತು. ಬಿಟ್ಟಿಲ್ಲ, ಪುಸ್ತಕ ಅಚ್ಚಿನಲ್ಲಿದೆ ಎಂದು ಸರ್ಕಾರ ಹೇಳಿತು. ಪತ್ರಿಕೆಗಳಲ್ಲಿ ಲೇಖನಗಳು ಬಂದುವು, ಬೀದಿಯಲ್ಲಿ ಪ್ರತಿಭಟನೆಗಳಾದುವು. ಒಂದು ಪುಸ್ತಕದಲ್ಲಿ ಒಂದು ಪಾಠ ಇದೆಯೇ ಇಲ್ಲವೇ ಎಂಬುದು ಅಭಿಪ್ರಾಯಭೇದಕ್ಕೆ ಎಡೆಯುಳ್ಳ ವಿಷಯವಲ್ಲ. ಪುಸ್ತಕ ತೆರೆದು ನೋಡಿದರೆ ಮುಗಿಯುವ ಮಾತು. ತೆರೆದು ನೋಡಲು ಪುಸ್ತಕವೇ ಇಲ್ಲದ ಹೊತ್ತಿನಲ್ಲಿ ವಿಮರ್ಶೆ ಮೊದಲಾಯಿತು. ವಿಮರ್ಶಕರ ದುಡುಕನ್ನು ಇಲ್ಲಿ ಆಕ್ಷೇಪಿಸಬಹುದು, ನಿಜ. ಆದರೆ ಪರಿಷ್ಕೃತ ಪಠ್ಯವನ್ನು ಮೊದಲೇ ಎಲ್ಲರ ಮುಂದಿಡದೆ ಹೋದವರ ಹೊಣೆ ಅದಕ್ಕಿಂತ ಹೆಚ್ಚಿನದು. ದೇವನೂರ ಮಹಾದೇವರು ತಮ್ಮ ಬರೆಹವನ್ನು ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡದ್ದೂ ಈ ಗದ್ದಲದ ನಡುವೆಯೇ.

ಇನ್ನೊಂದು ಪಾಠಭೇದ ಇದಕ್ಕಿಂತ ಸೂಕ್ಷ್ಮವಾದುದು. ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರರನ್ನು ಕುರಿತ ‘ಸಂವಿಧಾನ ಶಿಲ್ಪಿ’ ಎಂಬ ವಿಶೇಷಣ ಬಿಟ್ಟುಹೋಗಿತ್ತು. ಆಕ್ಷೇಪಣೆಗಳು ಬಂದ ಮೇಲೆ ಅದನ್ನು ಮರಳಿ ಸೇರಿಸಲು 2022ರ ಜೂನ್ ತಿಂಗಳಲ್ಲಿ ಆದೇಶವಾಯಿತು. ಎರಡೇ ಎರಡು ಮಾತು. ಓಲೆಗರಿಯಲ್ಲಿ ಇಂಥ ಲೋಪ ಕಂಡರೆ, ಲಿಪಿಕಾರನ ಕಣ್ಣು ಜಾರಿತೋ, ಅವನು ಬೇಕೆಂದೇ ಬಿಟ್ಟನೋ ಎಂಬುದನ್ನು ಪ್ರತ್ಯಂತರಗಳೊಡನೆ ಹೋಲಿಸಿ ನಿರ್ಣಯಿಸುತ್ತೇವೆ. ಇಲ್ಲಿ ಹೋಲಿಸಬೇಕಾದ ಕರಡುಗಳು ಓದುಗರಿಗೆ ಎಟುಕುವಂತಿಲ್ಲ. ಮರುವರ್ಷ, 2023ರ ಜೂನ್ 15ರಂದು, ಹೊಸ ಸರ್ಕಾರದ ಸಚಿವ ಸಂಪುಟ ಮತ್ತೊಂದು ಪರಿಷ್ಕರಣೆಯನ್ನು ನಿಶ್ಚಯಿಸಿತು. ಹೆಡಗೇವಾರ್, ಸಾವರ್ಕರ್ ಪಾಠಗಳು ಹೋದುವು, ಸಾವಿತ್ರಿಬಾಯಿ ಫುಲೆಯವರ ಪಾಠ ಬಂದಿತು. ಆ ವೇಳೆಗೆ ಶಾಲೆಗಳು ಆರಂಭವಾಗಿದ್ದುವು.

ಯಾವ ಸಮಿತಿಯ ತೀರ್ಮಾನ ಸರಿಯೆಂಬುದು ಇಲ್ಲಿ ಪ್ರಕೃತವಲ್ಲ. ಆ ಬಗ್ಗೆ ನಮ್ಮ ನಮ್ಮಲ್ಲೇ ಭಿನ್ನಾಭಿಪ್ರಾಯವುಂಟು. ಹೆಬ್ಬಾಳದ ಒಂದು ತರಗತಿಯನ್ನು ಭಾವಿಸಿಕೊಳ್ಳೋಣ. ಒಬ್ಬ ಹುಡುಗಿಯ ಬಳಿ ಅಕ್ಕ ಓದಿದ ಹಳೆಯ ಪುಸ್ತಕ, ಪಕ್ಕದವಳ ಬಳಿ ಈ ವರ್ಷದ ಮುದ್ರಣ, ಉಪಾಧ್ಯಾಯರ ಫೋನಿನಲ್ಲಿ ಎಂದೋ ಇಳಿಸಿಕೊಂಡ ಕಡತ, ಮೇಜಿನ ಮೇಲೆ ತಿದ್ದುಪಡಿಯ ಸುತ್ತೋಲೆ. ಒಂದೇ ಕೃತಿಗೆ ನಾಲ್ಕು ಪ್ರತಿಗಳು! ಪರೀಕ್ಷೆಯಲ್ಲಿ ಆ ಹುಡುಗಿ ತನ್ನ ಪ್ರತಿಯಂತೆ ಉತ್ತರ ಬರೆದರೆ ಅದು ತಪ್ಪೆಂದು ಗೀಟು ಹಾಕುವವರು ಯಾವ ಪ್ರತಿಯನ್ನು ಆಧಾರವಾಗಿ ಹಿಡಿಯುತ್ತಾರೆ, ಅದನ್ನು ಅವಳಿಗೆ ಹೇಗೆ ತೋರಿಸುತ್ತಾರೆ?

ಇದು ಕರ್ನಾಟಕಕ್ಕೆ ಸೀಮಿತವಾದ ದೋಷವೂ ಅಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು 2019ರ ಮೇ 31ರಂದು ಹೊರಬಂದಿತು. ಅದರ ತ್ರಿಭಾಷಾ ವಾಕ್ಯಕ್ಕೆ ದಕ್ಷಿಣದಲ್ಲಿ ವಿರೋಧ ಹುಟ್ಟಲು, ಜೂನ್ 3ರ ಹೊತ್ತಿಗೆ ಹಿಂದಿಯ ಹೆಸರಿದ್ದ ಭಾಗವನ್ನು ಬದಲಿಸಿದ ಕಡತ ಜಾಲತಾಣಕ್ಕೆ ಏರಿತ್ತು. ನಾಲ್ಕು ದಿನಗಳಲ್ಲಿ ಒಂದು ರಾಷ್ಟ್ರೀಯ ದಾಖಲೆಗೆ ಎರಡು ಪಾಠಗಳು.

ಪ್ರತಿಗಳನ್ನು ಯಂತ್ರದಿಂದಲೇ ಹೋಲಿಸಬಹುದಲ್ಲ ಎಂದು ವಾಚಕರು ಕೇಳಬಹುದು. ಕನ್ನಡದಲ್ಲಿ ಅದಕ್ಕೂ ಒಂದು ತೊಡಕುಂಟು. ನಮ್ಮ ಸರ್ಕಾರಿ ಕಡತಗಳಲ್ಲಿ ಅನೇಕವು ಯೂನಿಕೋಡಿಗೆ ಮುಂಚಿನ ‘ನುಡಿ’ ಅಕ್ಷರಸಂಕೇತದಲ್ಲಿ ಸಿದ್ಧವಾದುವು. ಕಣ್ಣಿಗೆ ಅವು ಮುದ್ದಾದ ಕನ್ನಡ. ಯಂತ್ರಕ್ಕೆ ಮಾತ್ರ ರೋಮನ್ ಲಿಪಿಯ ಕಲಸುಮೇಲೋಗರ. ಅಂಥ ಕಡತದಿಂದ ‘ಕನ್ನಡ’ ಎಂಬ ಮಾತನ್ನು ನಕಲು ಮಾಡಿ ಬೇರೆಡೆ ಇಟ್ಟರೆ ಅದು ರೋಮನ್ನಿನ ‘ಪಿ’ ಅಕ್ಷರದಿಂದ ತೊಡಗಿ, ನಡುವೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆಯನ್ನು ಹೊತ್ತು ನಿಲ್ಲುತ್ತದೆ! ಇದರಲ್ಲಿ ಒಂದು ಹೆಸರನ್ನು ಹುಡುಕುವುದು ಸಾಧ್ಯವಿಲ್ಲ; ಅಂಧ ವಿದ್ಯಾರ್ಥಿಗೆ ಓದಿ ಹೇಳುವ ಯಂತ್ರವೂ ಇಲ್ಲಿ ಮೂಕವಾಗುತ್ತದೆ. ಕನ್ನಡದ ಪಠ್ಯವನ್ನು ಕನ್ನಡವೆಂದು ಗುರುತಿಸಲಾಗದ ರೂಪದಲ್ಲಿ ಹಂಚುವುದನ್ನು ಪ್ರಕಟಣೆಯೆಂದು ಕರೆಯಲು ನಮಗೆ ಮನಸ್ಸು ಬಾರದು.

ಸರಿಯಾದ ಕ್ರಮ ನಮ್ಮ ನಾಡಿನಲ್ಲೇ ಉಂಟು. ಕರ್ನಾಟಕದ ಉಪಾಧ್ಯಾಯರು ವಿಕಿಯ ಮಾದರಿಯಲ್ಲಿ ಕೂಡಿ ಬರೆಯುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಪ್ರತಿಯೊಂದು ಪುಟಕ್ಕೂ ಇತಿಹಾಸದ ಹಾಳೆಯಿದೆ: ಯಾರು, ಯಾವ ದಿನ, ಯಾವ ಮಾತನ್ನು ತಿದ್ದಿದರೆಂಬುದು ಅಲ್ಲಿ ತಾನಾಗಿ ದಾಖಲಾಗುತ್ತದೆ. ಅಡಿಟಿಪ್ಪಣಿಯ ಪಾಠಾಂತರ ಪಟ್ಟಿಗೆ ಇದಕ್ಕಿಂತ ಸಮೀಪದ ಉಪಾಯವನ್ನು ನಾವು ಕಂಡಿಲ್ಲ. ಆದರೆ ಅಲ್ಲಿರುವುದು ಪೂರಕ ಸಾಮಗ್ರಿ. ಪೂರಕಕ್ಕೆ ಇತಿಹಾಸವಿದೆ, ಅಧಿಕೃತಕ್ಕೆ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿ ವಿಕಿಸೋರ್ಸಿಗೆ ದಾರಿ ತೆರೆಯಿತೆಂಬುದನ್ನು ನೆನೆದರೆ, ಇದು ಸಾರ್ವಜನಿಕ ಸಂಸ್ಥೆಗಳ ಶಕ್ತಿಗೆ ಮೀರಿದ ಕೆಲಸವೆಂದು ಹೇಳುವಂತಿಲ್ಲ.

ಹಳೆಯ ಪ್ರತಿಗಳನ್ನೂ ಉಳಿಸಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ ಎಂಬ ಆಕ್ಷೇಪಣೆಯನ್ನು ಕೇಳಿದ್ದೇವೆ. ಗೊಂದಲ ಹುಟ್ಟುವುದು ಹಳೆಯ ಪ್ರತಿಯಿಂದಲ್ಲ, ತಾರೀಕಿಲ್ಲದ ಪ್ರತಿಯಿಂದ. ಪ್ರತಿ ಪುಟದ ಕೆಳಗೆ ಪರಿಷ್ಕರಣೆಯ ದಿನವನ್ನು ಅಚ್ಚುಹಾಕಿ, ರದ್ದಾದ ಪಾಠಗಳನ್ನು ಬೇರೊಂದು ಪುಟದಲ್ಲಿಟ್ಟು, ತಪ್ಪೊಪ್ಪುಗಳ ಪಟ್ಟಿಯನ್ನು ಮೂಲ ಕಡತಕ್ಕೇ ಹೊಲಿದರೆ ಸಾಕು. ಅಷ್ಟಾಗುವವರೆಗೆ ಕೆಲಸ ನಮ್ಮ ಕೈಯಲ್ಲಿದೆ. ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಹತ್ತನೆಯ ತರಗತಿಯ ಕನ್ನಡ ಪುಸ್ತಕದ 2022ರ ಮತ್ತು 2023ರ ಪಾಠಗಳನ್ನೂ ಅವುಗಳ ಹಿಂದಿನದನ್ನೂ ಕೂಡಿಸಿ ಪಾಠಾಂತರ ಪಟ್ಟಿಯನ್ನು ತಯಾರಿಸಲಿ. ಇದಕ್ಕೆ ಮುದ್ರಿತ ಪ್ರತಿಗಳು ಬೇಕು. ತಮ್ಮನ ಹಳೆಯ ಪುಸ್ತಕಗಳನ್ನು ಈ ಬೇಸಗೆಯಲ್ಲಿ ರದ್ದಿ ಅಂಗಡಿಗೆ ಹಾಕುವ ಮುನ್ನ ಒಮ್ಮೆ ಅವುಗಳ ಮುದ್ರಣದ ವರ್ಷವನ್ನು ನೋಡಬೇಕು.