ಎಡ್ ಚೈನಾನ ಟೈಮ್‌ಶೀಟ್ ಎಲ್ಲಿ?

‘ವೀಲರ್ ಡೀಲರ್ಸ್’ ನೋಡದ ಕಾರು ಹುಚ್ಚರು ನಮ್ಮ ಆಫೀಸಿನಲ್ಲಂತೂ ಇಲ್ಲ. 2003ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ಟೀವಿ ಕಾರ್ಯಕ್ರಮವನ್ನ ನಾನು ಬಿಇ ಓದುವಾಗ ಹಾಸ್ಟೆಲ್ಲಿನ ಟೀವಿ ರೂಮಿನಲ್ಲಿ ನೋಡೋಕೆ ಶುರು ಮಾಡಿದೆ. ಕಥೆ ಪ್ರತಿ ಸಲ ಒಂದೇ. ಮೈಕ್ ಬ್ರೂವರ್ ಅನ್ನೋ ವ್ಯಾಪಾರಿ ಹಳೇ ಕಾರೊಂದನ್ನ ಚೌಕಾಸಿ ಮಾಡಿ ತರ್ತಾನೆ. ಎಡ್ ಚೈನಾ ಅನ್ನೋ ಎತ್ತರದ ಮೆಕ್ಯಾನಿಕ್ ಕಿತ್ತಳೆ ಬಣ್ಣದ ಗ್ಲೌಸ್ ಹಾಕ್ಕೊಂಡು ಅದನ್ನ ಬಿಚ್ಚಿ ಜೋಡಿಸ್ತಾನೆ. ಮೈಕ್ ಅದನ್ನ ಮಾರ್ತಾನೆ. ಕೊನೆಯಲ್ಲಿ ಲೆಕ್ಕ: ಕೊಂಡಿದ್ದು ಇಷ್ಟು, ಸ್ಪೇರ್ ಪಾರ್ಟ್ಸ್ ಇಷ್ಟು, ಮಾರಿದ್ದು ಇಷ್ಟು, ಲಾಭ ಇಷ್ಟು.

ಆ ಲೆಕ್ಕದಲ್ಲಿ ಎಡ್‌ನ ಕೂಲಿ ಇರೋದಿಲ್ಲ. ಕಾರ್ಯಕ್ರಮದವರು ಇದನ್ನೇನೂ ಮುಚ್ಚಿಟ್ಟಿಲ್ಲ, ನೋಡೋರಿಗೆಲ್ಲ ಗೊತ್ತು, ನಗ್ತಾ ಒಪ್ಕೋತಾರೆ. ನಾನೂ ವರ್ಷಗಟ್ಟಲೆ ಒಪ್ಕೊಂಡಿದ್ದೆ. ತಮಾಷೆ ಅಂದ್ರೆ ಒಪ್ಕೊಂಡವರು ಯಾರು? ಸಾಫ್ಟ್‌ವೇರ್‌ನವರು. ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬದಿದ್ರೆ ಮ್ಯಾನೇಜರ್ ಫೋನ್ ಮಾಡ್ತಾನೆ. ಅರ್ಧ ತಾಸಿನ ಮೀಟಿಂಗಿಗೂ ಕ್ಲೈಂಟಿಗೆ ಬಿಲ್ ಹೋಗುತ್ತೆ. ದಿನಗಟ್ಟಲೆ ಕಾರಿನ ಕೆಳಗೆ ಮಲಗಿದವನ ಗಂಟೆ ಮಾತ್ರ ಸೊನ್ನೆ ಅಂದ್ರೆ ನಮಗೆ ಒಮ್ಮೆಯೂ ವಿಚಿತ್ರ ಅನ್ನಿಸಲಿಲ್ಲ.

ನನಗೆ ಅನ್ನಿಸಿದ್ದು ಉಚ್ಚಂಗಿದುರ್ಗದಲ್ಲಿ, ನಮ್ಮ ದೊಡ್ಡಪ್ಪನ ಅಂಬಾಸಿಡರ್ ಕೈಗೆ ಬಂದ ಮೇಲೆ.

1986ರ ಮಾರ್ಕ್ 4. ಹುಣ್ಣಿಮೆ ಬಂತಂದ್ರೆ ದಾವಣಗೆರೆಯಿಂದ ಉಚ್ಚಂಗಮ್ಮನ ಗುಡ್ಡದ ಬುಡಕ್ಕೆ ಬಾಡಿಗೆ ಹೊಡೀತಿದ್ದ ಗಾಡಿ. ಡ್ರೈವರ್ ಬಲಗಡೆಗೂ ಒಬ್ಬ ಕೂರ್ತಿದ್ದ, ನಂಬಿದ್ರೆ ನಂಬಿ. ಆಮೇಲೆ ಟೆಂಪೋ ಬಂದ್ವು, ದೊಡ್ಡಪ್ಪ ತೀರಿಕೊಂಡ, ಕಾರು ಕಣದಲ್ಲಿ ನಿಂತಿತು. ನಿಂತಲ್ಲೇ ಜಿಲ್ಲೆಗಳನ್ನ ನೋಡಿತು: ನಮ್ಮ ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋಯ್ತು. ನಾನು ಎರಡು ಲಕ್ಷದೊಳಗೆ ಇದನ್ನ ಓಡಿಸ್ತೀನಿ ಅಂತ ಎಕ್ಸೆಲ್ ಶೀಟ್ ತೆಗೆದೆ.

ಈ ‘ಲೋ ಬಜೆಟ್ ರಿಸ್ಟೋರೇಷನ್’ ಅನ್ನೋ ಪ್ರಕಾರದ ಮೊದಲ ಮೋಸ ಗೊತ್ತಾಗೋದು ತುಕ್ಕಿನಲ್ಲಿ. ಅಂಬಾಸಿಡರ್‌ಗೆ ಲಾರಿ ಥರ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಬಾಗಿಲ ಕೆಳಗೆ ಉದ್ದಕ್ಕೂ ಇರೋ ಡಬ್ಬಿಯಂಥ ತಗಡು, ಕಾಲಿಡೋ ಫ್ಲೋರು, ಇವು ಅಲಂಕಾರಕ್ಕಲ್ಲ, ಇಡೀ ಗಾಡಿಯ ಭಾರ ಹೊರೋದೇ ಅವು. ಎರಡೂ ಕಡೆ ಒಟ್ಟಿಗೆ ಕತ್ತರಿಸಿದ್ರೆ ನಡು ಕುಸಿಯುತ್ತೆ, ಆಮೇಲೆ ಜನ್ಮದಲ್ಲಿ ಬಾಗಿಲು ಸರಿಯಾಗಿ ಕೂರಲ್ಲ. ಅದಕ್ಕೇ ಬಾಗಿಲ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿಹಿಡಿದು, ಒಂದು ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋಗಬೇಕು. ದಾವಣಗೆರೆಯ ನಮ್ಮ ಟಿಂಕರಿಂಗ್ ಮಿಸ್ತ್ರಿ ಹಾಗೇ ಮಾಡಿದ್ರು. ಕಾರ್ಯಕ್ರಮಗಳಲ್ಲಿ ಈ ಭಾಗ ಹಿನ್ನೆಲೆ ಸಂಗೀತದ ಜೊತೆ ಹತ್ತು ಸೆಕೆಂಡಿನಲ್ಲಿ ಓಡಿಹೋಗುತ್ತೆ. ನಮ್ಮಲ್ಲಿ ನಕಲು ಮಾಡುವವರದು ಇನ್ನೂ ಕೆಟ್ಟದ್ದು: ತೂತಿನ ಮೇಲೆ ತಗಡು ತುಂಡು, ಅದರ ಮೇಲೆ ಪುಟ್ಟಿ, ಅದರ ಮೇಲೆ ಫಳಫಳ ಪೇಂಟು. ಕ್ಯಾಮೆರಾಕ್ಕೆ ಎರಡೂ ಒಂದೇ ಥರ ಕಾಣುತ್ತೆ. ಎರಡು ಮಳೆಗಾಲ ಕಳೆದ ಮೇಲೆ ಯಾರೂ ಕ್ಯಾಮೆರಾ ತಗೊಂಡು ಬರಲ್ಲ.

ಎರಡನೇದು ‘ಅಪ್‌ಗ್ರೇಡ್’ ಅನ್ನೋ ಪದ. ನಾನೂ ಮೊದಲು ಕೇಳಿದ್ದು ಇಂಜಿನ್ನೇ. ಹಳೇ 1489 ಸಿಸಿ ಬಿಚ್ಚಿ, 90ರ ದಶಕದ ಅಂಬಾಸಿಡರ್‌ಗೆ ಬಂದ 1817 ಸಿಸಿ ಇಸುಜು ಇಂಜಿನ್, ಐದು ಗೇರಿನ ಬಾಕ್ಸ್ ಕೂರಿಸೋಣ ಅಂದೆ. ಮಿಸ್ತ್ರಿ ಬೀಡಿ ಆರಿಸಿ ಕೇಳಿದ್ರು, ‘ಏನಪಾ ಇಂಜಿನಿಯರು, ನಿಂದು ನಾಕೂ ಗಾಲಿಗೆ ಡ್ರಮ್ ಬ್ರೇಕ್ ಐತಿ. ಗಾಡಿ ಮೊದ್ಲು ನಿಲ್ಬೇಕೋ, ಓಡ್ಬೇಕೋ?’ ಉತ್ತರ ಇರಲಿಲ್ಲ. ಹಾಗಾಗಿ ಇಂಜಿನ್ ಅದೇ ಇರಲಿ ಅಂತ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ವಿ. ಉಳಿದ ದುಡ್ಡು ನಂತರದ ಮಾಡೆಲ್ಲಿನ ಮುಂದಿನ ಡಿಸ್ಕ್ ಬ್ರೇಕಿಗೆ ಹೋಯ್ತು. ಹೆಡ್‌ಲೈಟಿಗೆ ರಿಲೇ ಹಾಕಿದ್ವಿ, ಯಾಕಂದ್ರೆ ಹ್ಯಾಲೊಜನ್ ಬಲ್ಬಿನ ಪೂರ್ತಿ ಕರೆಂಟು ಮೂವತ್ತೈದು ವರ್ಷದ ಹಳೇ ಸ್ವಿಚ್ಚಿನ ಮೂಲಕ ಹರಿದ್ರೆ ಸ್ವಿಚ್ಚೇ ಸುಡುತ್ತೆ. ಪೆಟ್ರೋಲ್ ಹೋಗೋ ರಬ್ಬರ್ ಪೈಪ್ ಅಷ್ಟೂ ಬದಲಿಸಿದ್ವಿ, ಈಗಿನ ಪೆಟ್ರೋಲಿನಲ್ಲಿರೋ ಎಥನಾಲ್ ಹಳೇ ರಬ್ಬರನ್ನ ತಿಂದುಬಿಡುತ್ತೆ. ಇದ್ಯಾವುದೂ ಫೋಟೋದಲ್ಲಿ ಕಾಣಲ್ಲ. ಫೋಟೋದಲ್ಲಿ ಕಾಣೋದು ಅಲಾಯ್ ವೀಲ್, ಪವರ್ ವಿಂಡೋ, ಲೆದರ್ ಸೀಟು. ಅದಕ್ಕೇ ಕಡಿಮೆ ದುಡ್ಡಿನ ಕಾರುಗಳೂ ಮೊದಲು ಅಲ್ಲಿಗೇ ಖರ್ಚು ಮಾಡ್ತವೆ.

ಕಾನೂನಿನ ವಿಷಯ ಬೇಗ ಹೇಳಿಬಿಡ್ತೀನಿ, ಕಾರ್ಯಕ್ರಮಗಳು ಅದನ್ನ ಮುಟ್ಟೋದೇ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿ ಮಾತ್ರ ‘ವಿಂಟೇಜ್’. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಂತ ಬರುತ್ತೆ, ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ನಮ್ಮ ಗಾಡಿ ವಿಂಟೇಜ್ ಆಗೋಕೆ 2036ರವರೆಗೆ ಕಾಯಬೇಕು. ಅಷ್ಟರಲ್ಲಿ ಬಾಡಿ, ಇಂಜಿನ್ ಗಣನೀಯವಾಗಿ ಬದಲಿಸಿದ್ರೆ ಆಗಲೂ ಆಗಲ್ಲ. ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅಂದ್ರೆ ‘ವಿಂಟೇಜ್ ಅಪ್‌ಗ್ರೇಡ್’ ಅನ್ನೋ ಜೋಡಿಪದವೇ ನಮ್ಮ ದೇಶದಲ್ಲಿ ಒಂದಕ್ಕೊಂದು ಜಗಳ. ಸಾಮಾನ್ಯ ಗಾಡಿಯಾಗಿ ಇಟ್ಕೊಂಡ್ರೆ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣವನ್ನ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ರು. ಶೀಟಿನಲ್ಲಿ ಇದಕ್ಕೂ ಒಂದು ಸಾಲು ಬೇಕು.

ಇಷ್ಟೆಲ್ಲ ಬೈದ ಮೇಲೆ ಹೇಳಲೇಬೇಕು, ‘ವೀಲರ್ ಡೀಲರ್ಸ್’ನ ಅತಿ ಒಳ್ಳೆ ಭಾಗವೂ ಎಡ್ ಕೆಲಸ ಮಾಡೋದೇ. ಬೇರಿಂಗ್ ಯಾಕೆ ಸವೆಯಿತು, ಬೋಲ್ಟ್ ಯಾಕೆ ಮುರಿಯಿತು ಅಂತ ಆತ ತಾಳ್ಮೆಯಿಂದ ತೋರಿಸ್ತಿದ್ದ. ಅರ್ಧ ಮೆಕ್ಯಾನಿಕಲ್ ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಅಲ್ಲಿ. 2017ರಲ್ಲಿ ಆತ ಹೊರಬಂದ. ಷೆಡ್ಡಿನೊಳಗಿನ ವಿವರವಾದ ಕೆಲಸವನ್ನ ಚಿತ್ರಿಸೋದು ಕಷ್ಟ, ಕಡಿಮೆ ಮಾಡೋಣ ಅಂತ ಚಾನೆಲ್‌ನವರು ಬಯಸಿದ್ದೇ ಕಾರಣ ಅಂತ ಆತನೇ ಹೇಳಿದ. ಮೊದಲು ಕೂಲಿಯನ್ನ ಲೆಕ್ಕದಿಂದ ತೆಗೆದ್ರು, ಆಮೇಲೆ ಕೆಲಸವನ್ನೇ ತೆರೆಯಿಂದ ಕಡಿಮೆ ಮಾಡೋಕೆ ಹೊರಟ್ರು. ಮೈಕ್‌ನ ಚೌಕಾಸಿಗೆ ಮಾತ್ರ ಯಾವತ್ತೂ ಸಮಯ ಕಮ್ಮಿ ಬೀಳಲಿಲ್ಲ.

ನನ್ನ ಚೌಕಾಸಿಗೂ ಬಿದ್ದಿರಲಿಲ್ಲ. ಮಿಸ್ತ್ರಿ ಮೊದಲು ಕೇಳಿದ್ದು 40,000. ನಾನು 26,000ಕ್ಕೆ ಇಳಿಸಿದ್ದೆ, ‘ನಾವೂ ಇಲ್ಲಿಯವರೇ, ದುರ್ಗದವರು’ ಅಂತೆಲ್ಲ ಹೇಳಿ. ಅವರು ಮತ್ತು ಅವರ ಕೈಕೆಳಗಿನ ಹುಡುಗ ಅದರ ಮೇಲೆ ನಲವತ್ತು ದಿನ ಕೆಲಸ ಮಾಡಿದ್ರು. ದಿನಕ್ಕೆ 650, ಇಬ್ಬರಿಗೆ. ಕೊನೆಗೆ ಒಟ್ಟು 1,68,000 ಆಯ್ತು. ನಾನು ಆ ಶೀಟನ್ನ ಆಫೀಸಿನ ಗ್ರೂಪಿಗೆ ಹಾಕಿದೆ, ಎಲ್ಲರೂ ಬೆಂಕಿ ಎಮೋಜಿ ಕಳಿಸಿದ್ರು. ಒಬ್ಬ ಹುಡುಗಿ ಮಾತ್ರ ಕೇಳಿದಳು, ‘ಲೇಬರ್ ಇಷ್ಟೇನಾ?’

ನಾನು ‘ಊರಲ್ಲಿ ಸಸ್ತಾ’ ಅಂತ ಟೈಪ್ ಮಾಡಿದೆ. ಆ ಉತ್ತರ ಈಗಲೂ ಗ್ರೂಪಿನಲ್ಲಿದೆ, ಅಳಿಸೋ ಟೈಮ್ ಮೀರಿಹೋಗಿದೆ.

ಅವತ್ತು ರಾತ್ರಿ ಆ ಸಾಲಿನಲ್ಲಿ 40,000 ಅಂತ ಹಾಕಿ ನೋಡಿದೆ. ಮೊತ್ತ 1,82,000. ಎರಡು ಲಕ್ಷದ ಬಜೆಟ್ ಆಗಲೂ ಮುರೀಲಿಲ್ಲ. ಅಂದ್ರೆ ದುಡ್ಡು ಇತ್ತು. ನನಗೆ ಬೇಕಾಗಿದ್ದದ್ದು ಆ ಕೊನೆಯ ಅಂಕಿ ಚಿಕ್ಕದಾಗಿ ಕಾಣೋದು, ಅಷ್ಟೆ.

ಮುಂದಿನ ಹುಣ್ಣಿಮೆಗೆ ಊರಿಗೆ ಹೋಗ್ತಾ ದಾವಣಗೆರೆಯಲ್ಲಿ ಇಳಿದು 14,000 ಕೊಟ್ಟೆ. ಮಿಸ್ತ್ರಿ ಯಾಕೆ ಅಂತ ಕೇಳಲಿಲ್ಲ. ಎಣಿಸಿ, ಹುಡುಗನಿಗೆ ಒಂದಿಷ್ಟು ಕೊಟ್ಟು, ಉಳಿದದ್ದು ಜೇಬಿಗಿಟ್ಟರು. ಕಾರಿನ ಸುತ್ತ ಒಂದು ಸುತ್ತು ಬಂದು ಬ್ರೇಕ್ ಪೆಡಲ್ ಎರಡು ಸಲ ಒತ್ತಿ ನೋಡಿದ್ರು.

‘ಮಾಸ್ಟರ್ ಸಿಲಿಂಡರ್ ಸೋರಾಕತ್ತತಿ. ಬಿಟ್ಟು ಹೋಗು, ನಾಳೆ ಕೊಡ್ತೀನಿ. ಅದ್ರ ರೊಕ್ಕ ಬ್ಯಾರೆ ಮತ್ತ.’

ದುರ್ಗಕ್ಕೆ ಬಸ್ಸಿನಲ್ಲಿ ಹೋದೆ.