ಕತ್ತಿಯ ಬೆನ್ನು, ಕತ್ತಿಯ ಬಾಯಿ: ಮೊದಲ ಕ್ಷೌರಕ್ಕೆ ಮುನ್ನ

ಮಡಚುವ ಕ್ಷೌರದ ಕತ್ತಿಯಿಂದ ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವ ಕಲೆಗೆ ಹೊಸದಾಗಿ ಬರುವವರು ಸಾಮಾನ್ಯವಾಗಿ ನುಣುಪಾದ ಗಲ್ಲವೊಂದನ್ನೇ ಅಳತೆಗೋಲಾಗಿ ಹಿಡಿದು ಬರುತ್ತಾರೆ. ಆ ಅಳತೆಗೋಲಿನಿಂದ ನೋಡಿದರೆ ಮೊದಲ ಕ್ಷೌರವು ಸೋಲೆಂದೇ ತೋರುತ್ತದೆ, ಏಕೆಂದರೆ ಬಳಸಿ ಬಿಸಾಡುವ ಅಗ್ಗದ ರೇಜರು ಕೆಲವೇ ನಿಮಿಷಗಳಲ್ಲಿ ಕೊಡುವ ನುಣುಪನ್ನು ಈ ಕತ್ತಿಯು ಹೊಸಬರಿಗೆ ಅರ್ಧ ಗಂಟೆ ಕಳೆದರೂ ಕೊಡುವುದಿಲ್ಲ. ಇದರ ಸ್ವಾರಸ್ಯವಿರುವುದು ಒತ್ತದೆ ಕೆಲಸ ಮಾಡುವುದರಲ್ಲಿ. ಕತ್ತಿಯ ಬಾಯಿ, ಗಡ್ಡದ ಕೂದಲು, ಮುಖದ ಚರ್ಮ ಈ ಮೂರೂ ಹದಕ್ಕೆ ಬಂದಾಗ ಕತ್ತಿ ಹಿಡಿದ ಕೈಗೆ ದಾರಿ ತೋರುವುದರ ಹೊರತು ಬೇರೆ ಕೆಲಸ ಉಳಿಯುವುದಿಲ್ಲ. ಕೈ ಎಲ್ಲಿಯಾದರೂ ಒತ್ತಬೇಕಾಗಿ ಬಂದರೆ ಆ ಮೂರರಲ್ಲಿ ಒಂದರ ಹದ ತಪ್ಪಿದೆಯೆಂದೇ ತಿಳಿಯಬೇಕು. ಹೊಸ ರಸಿಕರು ಮೊದಲು ಕಲಿಯಬೇಕಾದದ್ದು ಆ ತಪ್ಪು ಯಾವುದರದೆಂದು ಗುರುತಿಸುವುದನ್ನು.

ಉಪಕರಣದ ರಚನೆ ಸರಳವಾದುದು. ಅಲಗಿನ ದಪ್ಪನಾದ ಮೇಲಂಚಿಗೆ ಬೆನ್ನು ಎಂದೂ, ಕತ್ತರಿಸುವ ಕೆಳಂಚಿಗೆ ಬಾಯಿ ಎಂದೂ ಹೆಸರು. ಅಲಗು ಹಿಡಿಯ ಕಡೆಗೆ ಸಾಗಿ ಬಾಯಿಲ್ಲದ ಗಟ್ಟಿ ದಂಟಾಗುತ್ತದೆ. ದಂಟಿನ ಕೊನೆಯಲ್ಲಿ ಮೇಲಕ್ಕೆ ಬಾಗಿದ ಬಾಲವಿರುತ್ತದೆ. ಕೊಂಬು, ಮರ ಅಥವಾ ಪ್ಲಾಸ್ಟಿಕ್ಕಿನ ಎರಡು ಹಲಗೆಗಳಿಂದಾದ ಹಿಡಿಯು ರಿವೆಟ್ಟಿನ ಮೇಲೆ ತಿರುಗುತ್ತದೆ. ಹಿಡಿ ಎಂದು ಕರೆದರೂ ಕ್ಷೌರದ ಹೊತ್ತಿನಲ್ಲಿ ಅದನ್ನು ಹಿಡಿಯುವವರಿಲ್ಲ. ಬೆರಳುಗಳು ಇರುವುದು ದಂಟಿನ ಮೇಲೆ. ಅಲಗಿನ ಅಗಲವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ ಎಣಿಸುವ ರೂಢಿಯಿದ್ದು, 5/8 ಎಂದರೆ ಸುಮಾರು 16 ಮಿಲಿಮೀಟರು, 6/8 ಎಂದರೆ ಸುಮಾರು 19 ಮಿಲಿಮೀಟರು ಆಗುತ್ತದೆ. ಹೊಸಬರಿಗೆ ಈ ಎರಡರಲ್ಲಿ ಯಾವುದಾದರೂ ಸರಿ, ಆದರೆ ಅಲಗಿನ ತುದಿ ಚೂಪಾಗಿರದೆ ದುಂಡಗಿರಬೇಕು, ಏಕೆಂದರೆ ಮೊದಲ ದಿನಗಳ ಗಾಯಗಳಲ್ಲಿ ಹೆಚ್ಚಿನವು ಬಾಯಿಯ ನಡುಭಾಗದಿಂದಲ್ಲ, ಕಿವಿಯ ಬಳಿ ಮರೆತುಹೋದ ತುದಿಯಿಂದ ಆಗುವಂಥವು.

ಬೆನ್ನು ಅಷ್ಟು ದಪ್ಪಗಿರುವುದು ಅಂದಕ್ಕಾಗಿ ಅಲ್ಲ. ಸಾಣೆಕಲ್ಲಿನ ಮೇಲೆ ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ಮಲಗಿಸುವುದರಿಂದ ಬಾಯಿಯ ಕೋನವನ್ನು ಬೆನ್ನಿನ ದಪ್ಪವೇ ನಿರ್ಧರಿಸುತ್ತದೆ. ಅದು ಸಾಮಾನ್ಯವಾಗಿ 16-17 ಡಿಗ್ರಿಯಷ್ಟಿರುತ್ತದೆ. ಅಡುಗೆಮನೆಯ ಚಾಕುವನ್ನು ಮಸೆಯುವವರು ಕೋನವನ್ನು ಮಣಿಕಟ್ಟಿನಲ್ಲಿ ಅಂದಾಜಿಸಬೇಕು. ಕ್ಷೌರದ ಕತ್ತಿಯಲ್ಲಾದರೋ ಕೋನವು ಲೋಹದಲ್ಲೇ ಅಡಗಿದೆ. ಈ ಒಂದು ಉಪಾಯಕ್ಕಾಗಿಯೇ ಅದನ್ನು ರೂಪಿಸಿದವರ ಬಗ್ಗೆ ಗೌರವ ಮೂಡಬೇಕು.

ಅಡ್ಡಸೀಳಿಕೆಯಲ್ಲಿ ನೋಡಿದಾಗ ಕತ್ತಿಗಳ ಎರಡು ಕುಲಗಳು ಕಾಣುತ್ತವೆ. ಬೆನ್ನಿನಿಂದ ಬಾಯಿಯವರೆಗೆ ಇಬ್ಬದಿಗಳೂ ಹೆಚ್ಚುಕಡಿಮೆ ನೇರವಾಗಿ ಇಳಿಯುವ ಬೆಣೆಯಾಕಾರದ ಭಾರವಾದ ಕತ್ತಿ ಹಳೆಯದು. ಇಂಗ್ಲೆಂಡಿನ ಶೆಫೀಲ್ಡ್ ಅದರ ತವರು. ಇಬ್ಬದಿಗಳನ್ನೂ ದುಂಡು ಸಾಣೆಚಕ್ರಕ್ಕೆ ಹಿಡಿದು ಒಳಕ್ಕೆ ತೋಡಿ, ಬಾಯಿಯ ಸಮೀಪ ಲೋಹವನ್ನು ಹೆಬ್ಬೆರಳಿನ ಉಗುರಿಗೆ ಬಾಗುವಷ್ಟು ತೆಳ್ಳಗಾಗಿಸಿದ ಪೂರ್ಣ ತೋಡಿನ ಕತ್ತಿ ತರುವಾಯದ್ದು. ಅದನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಪರಿಪಕ್ವಗೊಳಿಸಿದ ಊರು ಜರ್ಮನಿಯ ಜೋಲಿಂಗನ್. ಆ ಊರಿನ ಹೆಸರನ್ನು ಅಲಗಿನ ಮೇಲೆ ಯಾರೆಂದರವರು ಮುದ್ರಿಸದಂತೆ 1938ರಲ್ಲಿ ಜರ್ಮನಿಯು ಪ್ರತ್ಯೇಕ ಕಾನೂನನ್ನೇ ಮಾಡಿತು. ಎರಡು ಕುಲಗಳ ವ್ಯತ್ಯಾಸವನ್ನು ಕಣ್ಣಿಗಿಂತ ಕಿವಿಯೇ ಬೇಗ ಹಿಡಿಯುತ್ತದೆ: ಬೆಣೆಕತ್ತಿಯು ಬಹುಮಟ್ಟಿಗೆ ಮೌನವಾಗಿ ಕತ್ತರಿಸುತ್ತದೆ, ತೋಡುಕತ್ತಿಯ ತೆಳುವಾದ ಹಾಳೆಯು ಒಂದೊಂದು ಕೂದಲು ತುಂಡಾದಾಗಲೂ ಕಂಪಿಸಿ ಸಣ್ಣಗೆ ಕರಕರ ಎನ್ನುತ್ತದೆ. ಕಲಿಯುವವರಿಗೆ ತೋಡುಕತ್ತಿಯೇ ಹೆಚ್ಚು ಉಪಕಾರಿ, ಏಕೆಂದರೆ ಮಾತಾಡುವ ಉಪಕರಣವು ತಪ್ಪನ್ನೂ ಹೇಳುತ್ತದೆ.

ಶೆಫೀಲ್ಡಿನ ಕೀರ್ತಿಗೆ ಅಡಿಪಾಯವಾದದ್ದು 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನು ರೂಢಿಗೆ ತಂದ ಮೂಸೆಯುಕ್ಕು, ಎಂದರೆ ಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ದ, ಎಲ್ಲೆಡೆ ಒಂದೇ ಗುಣವುಳ್ಳ ಉಕ್ಕು. ದಕ್ಷಿಣ ಭಾರತದಲ್ಲಿ ಮೂಸೆಯುಕ್ಕು ಅದಕ್ಕೂ ಬಹು ಹಿಂದಿನದು. ಯೂರೋಪಿನವರು ವೂಟ್ಜ್ ಎಂದು ಕರೆದ ಆ ಉಕ್ಕು 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ವಿಜ್ಞಾನಿಗಳ ಕೈಸೇರಿ ಅವರ ಕುತೂಹಲವನ್ನು ಕೆರಳಿಸಿತು. ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಮತ್ತು ಆಗಿನ್ನೂ ತರುಣನಾಗಿದ್ದ ಮೈಕೆಲ್ ಫ್ಯಾರಡೆ ಸೇರಿ ಅದರ ಗುಟ್ಟನ್ನು ಬಿಡಿಸಲು ಉಕ್ಕಿಗೆ ನಾನಾ ಲೋಹಗಳನ್ನು ಬೆರೆಸಿ ನೋಡಿದರು. 1820 ಮತ್ತು 1822ರಲ್ಲಿ ಪ್ರಕಟವಾದ ಅವರ ಬರಹಗಳಲ್ಲಿ, ಐನೂರನೆಯ ಒಂದು ಪಾಲಿನಷ್ಟು ಬೆಳ್ಳಿಯನ್ನು ಮಾತ್ರ ಉಕ್ಕು ಒಳಗೊಳ್ಳಬಲ್ಲದೆಂಬ ಮಾತಿದೆ. ಶೆಫೀಲ್ಡಿನ ಹಳೆಯ ಕತ್ತಿಗಳ ಮೇಲೆ ಕಾಣುವ ‘ಸಿಲ್ವರ್ ಸ್ಟೀಲ್’ ಎಂಬ ಬರಹದ ಹಿನ್ನೆಲೆ ಇದು. ಹಳೆಯ ಕತ್ತಿ ಕೊಳ್ಳುವವರು ಆ ಬರಹ ನೋಡಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಒಳಗೆ ಬೆಳ್ಳಿಯಿದೆಯೆಂಬುದಕ್ಕೆ ಅದು ಪುರಾವೆಯಲ್ಲ, ವ್ಯಾಪಾರಿಗಳಿಗೆ ಅದು ಬೇಗನೆ ಒಳ್ಳೆಯ ಉಕ್ಕಿನ ಇನ್ನೊಂದು ಹೆಸರಾಯಿತು. ಇದರ ಜೊತೆಗೆ ನೆನೆಯಬೇಕಾದ ಸಂಗತಿಯೊಂದಿದೆ: 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಯ ಖ್ಯಾತಿಯನ್ನು ದಾಖಲಿಸಿದ್ದಾನೆ. ಈ ನಾಡಿನ ಉಕ್ಕಿಗೆ ನಾದದ ಗುಣವೂ ಇತ್ತು ಎಂಬುದನ್ನು ತೋಡುಕತ್ತಿಯ ಕರಕರವನ್ನು ಆಲಿಸುವವರು ಬಲ್ಲವರಾಗಿರುವುದು ಒಳ್ಳೆಯದು.

ಕರ್ನಾಟಕದ ಹೊಸಬರಲ್ಲಿ ಬಹುಮಂದಿ ತಮಗೆ ಈ ಕತ್ತಿಯ ಪರಿಚಯವಿದೆಯೆಂದು ಭಾವಿಸುತ್ತಾರೆ, ಸಲೂನಿನಲ್ಲಿ ಅಂಥದ್ದೇ ಆಕಾರದ ಸಾಧನ ಅವರ ಕೆನ್ನೆಯ ಮೇಲೆ ಓಡಿರುತ್ತದೆ. ಅದು ಬೇರೆಯ ವಸ್ತು. ಸೋಂಕಿನ ಭಯದಿಂದ ಪ್ರತಿ ಗಿರಾಕಿಗೂ ಬದಲಿಸುವ ಅರ್ಧ ಬ್ಲೇಡನ್ನು ಹಿಡಿದಿಡುವ ತಗಡಿನ ಚೌಕಟ್ಟು ಅದಾಗಿದ್ದು, ಅದಕ್ಕೆ ಮಸೆಯುವ ಗೊಡವೆಯಿಲ್ಲ, ತೂಕವಿಲ್ಲ, ಬೆನ್ನಿಲ್ಲ. ಅದರ ಬಾಯಿ ಅತಿ ಚುರುಕು, ಕ್ಷಮೆ ಕಡಿಮೆ. ಕ್ಷೌರಿಕರು ಅದನ್ನು ಸಲೀಸಾಗಿ ಆಡಿಸುವುದು ಅವರ ಕೈಯ ಹಿರಿಮೆಯೇ ಹೊರತು ಸಾಧನದ್ದಲ್ಲ. ಹಡಪ, ಎಂದರೆ ಸಲಕರಣೆಗಳ ಚೀಲ, ಹೊತ್ತು ಮನೆಮನೆಗೆ ಬರುತ್ತಿದ್ದ ಹಿಂದಿನ ತಲೆಮಾರಿನವರ ಬಳಿ ಇದ್ದದ್ದು ಮಸೆಯುವ ಕತ್ತಿ. ಅಂಥವರು ಇಂದಿಗೂ ಊರಲ್ಲಿದ್ದರೆ ಹೊಸಬರು ಪುಸ್ತಕಕ್ಕಿಂತ ಮೊದಲು ಅವರ ಮುಂದೆ ಕುಳಿತುಕೊಳ್ಳುವುದು ಮೇಲು.

ಬಾಯಿಯ ಹದದಲ್ಲಿ ಎರಡು ಹಂತಗಳಿವೆ. ಮಸೆಯುವುದೆಂದರೆ ಕಲ್ಲಿನಿಂದ ಲೋಹವನ್ನು ಸವೆಸಿ ಬಾಯಿಯನ್ನು ಹೊಸದಾಗಿ ಕಟ್ಟುವುದು. ಅದಕ್ಕೆ ಬೆಲ್ಜಿಯಮ್ಮಿನ ಆರ್ಡೆನ್ ಗುಡ್ಡಗಳಲ್ಲಿ ಸಿಗುವ, ಸೂಕ್ಷ್ಮ ಗಾರ್ನೆಟ್ ಹರಳುಗಳಿಂದ ಕೂಡಿದ ಕೋಟಿಕ್ಯೂಲ್ ಎಂಬ ಹಳದಿ ಕಲ್ಲು ಹೆಸರಾದದ್ದು, ಈಗ ಕೃತಕ ಕಲ್ಲುಗಳೂ ಧಾರಾಳವಾಗಿವೆ. ಹೊಸಬರು ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಅನುಭವಿಗಳು ಮಸೆದು ಕೊಟ್ಟ ಕತ್ತಿಯಿಂದಲೇ ಮೊದಲುಮಾಡಬೇಕು, ಪೆಟ್ಟಿಗೆಯಿಂದ ಆಗತಾನೆ ತೆಗೆದ ಹೊಸ ಕತ್ತಿಯೆಲ್ಲವೂ ಕ್ಷೌರಕ್ಕೆ ಸಿದ್ಧವಾಗಿರುತ್ತದೆ ಎಂದು ನಂಬಬಾರದು. ಚೂಪಿಲ್ಲದ ಬಾಯಿ ಏನೆಂಬುದನ್ನು ಮೊದಲ ಕ್ಷೌರದಲ್ಲಿ ಗುರುತಿಸಲು ಹೊಸಬರಿಗೆ ಹೋಲಿಕೆಯೇ ಇರುವುದಿಲ್ಲವಾದ್ದರಿಂದ, ಕೆಟ್ಟ ಬಾಯಿಯ ಅಪರಾಧವನ್ನು ಅವರು ತಮ್ಮ ಕೈಯ ಮೇಲೆ ಹೊರಿಸಿಕೊಂಡು ಕಲೆಯನ್ನೇ ಬಿಟ್ಟುಬಿಡುತ್ತಾರೆ.

ಎರಡನೆಯದು ಚರ್ಮದ ಪಟ್ಟಿಯ ಮೇಲೆ ತೀಡುವುದು. ಇದು ಪ್ರತಿ ಕ್ಷೌರಕ್ಕೂ ಮೊದಲು ಆಗಲೇಬೇಕಾದ ಕ್ರಿಯೆ. ಕ್ಷೌರದಲ್ಲಿ ಅತ್ತಿತ್ತ ಬಾಗಿದ ಬಾಯಿಯ ಅತಿಸೂಕ್ಷ್ಮ ಅಂಚು ಇಲ್ಲಿ ನೆಟ್ಟಗಾಗುತ್ತದೆ. ಒಂದು ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು, ಅಲಗನ್ನು ಪಟ್ಟಿಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬೆನ್ನು ಮುಂದೆ ಬಾಯಿ ಹಿಂದೆ ಇರುವಂತೆ ಸಾಗಿಸಬೇಕು; ಪಟ್ಟಿಯ ಕೊನೆ ಮುಟ್ಟಿದಾಗ ಬೆನ್ನು ಚರ್ಮವನ್ನು ಬಿಡದಂತೆ, ಬೆರಳುಗಳ ನಡುವೆ ದಂಟನ್ನು ಉರುಳಿಸಿ ಅಲಗನ್ನು ಮಗುಚಿ, ಬಂದ ದಾರಿಯಲ್ಲೇ ಮರಳಬೇಕು. ಬಾಯಿಯ ಮೇಲೆ ಮಗುಚಿದರೆ ಪಟ್ಟಿಗೆ ಕಚ್ಚು ಬೀಳುತ್ತದೆ, ಬಾಯಿಯೂ ಮಡಿಯುತ್ತದೆ. ಬಹುಪಾಲು ಹೊಸಬರ ಮೊದಲ ಪಟ್ಟಿಯ ಮೇಲೆ ಇಂಥ ಕಚ್ಚು ಕಾಣುವುದರಿಂದ ಮೊದಲಿಗೆ ಅಗ್ಗದ ಪಟ್ಟಿ ಸಾಕು. ಬಟ್ಟೆಯ ಪಟ್ಟಿಯ ಮೇಲೆ ಸುಮಾರು ಮೂವತ್ತು, ಚರ್ಮದ ಮೇಲೆ ಸುಮಾರು ಅರುವತ್ತು ಸುತ್ತು ಎಂಬುದು ರೂಢಿ. ಸಿನಿಮಾದ ಕ್ಷೌರಿಕರಂತೆ ಪಟಪಟನೆ ಬಡಿಯುವ ವೇಗಕ್ಕೆ ಇಲ್ಲಿ ಬೆಲೆಯಿಲ್ಲ. ಆಲಿಸಬೇಕಾದದ್ದು ಹೋಗುವ ಸದ್ದೂ ಬರುವ ಸದ್ದೂ ಒಂದೇ ಆಗಿವೆಯೇ ಎಂಬುದನ್ನು. ಭೇದವಿದ್ದರೆ ಒಂದು ಬದಿಯಲ್ಲಿ ಕೈ ಒತ್ತುತ್ತಿದೆ ಎಂದರ್ಥ.

ಇನ್ನು ಕೂದಲು. ಅದನ್ನು ಮೆತ್ತಗಾಗಿಸುವುದು ನೀರು, ಸೋಪಲ್ಲ. ಸೋಪಿನ ನೊರೆಯು ನೀರನ್ನು ಕೂದಲ ಬುಡದಲ್ಲಿ ಹಿಡಿದಿಟ್ಟು ಅಲಗಿಗೆ ಜಾರುವ ದಾರಿ ಮಾಡಿಕೊಡುತ್ತದೆ. ಆದ್ದರಿಂದ ಬಿಸಿನೀರಿನ ಸ್ನಾನ ಮುಗಿಸಿ ಒದ್ದೆಮುಖದಲ್ಲೇ ಬ್ರಷ್ ಹಿಡಿಯಬೇಕು. ನೊರೆ ಗಾಳಿಗುಳ್ಳೆಗಳ ರಾಶಿಯಾಗದೆ ಗಟ್ಟಿ ಮೊಸರಿನಂತೆ ಹೊಳೆಯಬೇಕು, ಒಣಗಿದ ಕಡೆ ಮತ್ತೆ ಹಚ್ಚಬೇಕು. ಈ ಸಿದ್ಧತೆ ಚರ್ಮಕ್ಕೆ ಎಷ್ಟು ಮುಖ್ಯವೋ ಉಕ್ಕಿಗೂ ಅಷ್ಟೇ ಮುಖ್ಯ. ಕೂದಲಿಗಿಂತ ಎಷ್ಟೋ ಪಟ್ಟು ಗಡುಸಾದ ಬ್ಲೇಡು ಕೂದಲಿನಿಂದಲೇ ಏಕೆ ಕೆಡುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಅವರು ನೋಡಿದ್ದು ಬಳಸಿ ಬಿಸಾಡುವ ಬ್ಲೇಡುಗಳನ್ನಾದರೂ, ಕೂದಲು ಅಲಗಿನೆದುರು ಬಾಗಿ ಓರೆಯಾಗಿ ತಾಗಿದಾಗ ಬಾಯಿಯ ದುರ್ಬಲ ಜಾಗಗಳಲ್ಲಿ ಚಿಕ್ಕ ಚಕ್ಕೆಗಳು ಏಳುತ್ತವೆ ಎಂಬ ಅವರ ನಿರ್ಣಯವು, ಚರ್ಮವನ್ನು ಬಿಗಿಹಿಡಿದು ಕೂದಲನ್ನು ಅಲುಗಾಡದಂತೆ ನಿಲ್ಲಿಸಬೇಕೆಂಬ ಕ್ಷೌರಿಕರ ಹಳೆಯ ಪಾಠಕ್ಕೆ ಹೊಂದಿಕೊಳ್ಳುತ್ತದೆ.

ಹಿಡಿತವು ಹೀಗಿರಬೇಕು: ಮೂರು ಬೆರಳು ದಂಟಿನ ಮೇಲೆ, ಕಿರುಬೆರಳು ಬಾಲದ ಮೇಲೆ, ಹೆಬ್ಬೆರಳು ದಂಟಿನ ಕೆಳಗೆ, ಹಿಡಿ ಮೇಲಕ್ಕೆ ತೆರೆದುಕೊಂಡು. ಅಲಗು ಮತ್ತು ಚರ್ಮದ ನಡುವಿನ ಕೋನವು ಸುಮಾರು 30 ಡಿಗ್ರಿ ಇರಬೇಕು. ಅದಕ್ಕಿಂತ ಹೆಚ್ಚಾದರೆ ಬಾಯಿ ಚರ್ಮವನ್ನು ಕೆರೆಯುತ್ತದೆ, ತೀರ ಕಡಿಮೆಯಾದರೆ ಕೂದಲನ್ನು ಹಿಡಿದೆಳೆಯುತ್ತದೆ. ಬಲಗೆನ್ನೆಯಲ್ಲಿ ಕಿವಿಯ ಮುಂದಿನ ಜಾಗದಿಂದ ಆರಂಭಿಸಿ, ಎಡಗೈಯನ್ನು ತಲೆಯ ಮೇಲಿಂದ ತಂದು ಕೆನ್ನೆಯ ಚರ್ಮವನ್ನು ಮೇಲಕ್ಕೆಳೆದು, ಕೂದಲು ಮಲಗಿದ ದಿಕ್ಕಿನಲ್ಲಿಯೇ ಒಂದೊಂದು ಅಂಗುಲದಷ್ಟು ಇಳಿಸುತ್ತ ಬರಬೇಕು. ಅಲಗು ಬಾಯಿಗೆ ಅಡ್ಡವಾಗಿ ಸಾಗಬೇಕೇ ಹೊರತು ಎಂದಿಗೂ ಬಾಯಿಯ ಉದ್ದಕ್ಕೆ ಜಾರಬಾರದು. ಗಾಯವೆಂಬುದು ಆಗುವುದು ಆ ಜಾರುವಿಕೆಯಲ್ಲಿ. ಈ ಕಲೆಯಲ್ಲಿ ಹೆಚ್ಚು ದುಡಿಯುವುದು ಕತ್ತಿ ಹಿಡಿದ ಕೈಯಲ್ಲ, ಬರಿಗೈ ಎಂಬುದು ಆಗ ತಿಳಿಯುತ್ತದೆ. ಎಡಗೆನ್ನೆಗೆ ಬಂದಾಗ ಕತ್ತಿಯನ್ನು ಎಡಗೈಗೆ ಬದಲಿಸುವುದು ಸಂಪ್ರದಾಯ. ಬಲಗೈಯನ್ನೇ ಮುಖಕ್ಕೆ ಅಡ್ಡಲಾಗಿ ತಂದರೆ ಕನ್ನಡಿ ಮರೆಯಾಗುತ್ತದೆ. ಎಡಗೈಗೆ ಮೊದಲಿನ ಒರಟು ಚಾಳಿಗಳು ಇರದ ಕಾರಣ ಅದು ಎಷ್ಟೋ ವೇಳೆ ಬಲಗೈಗಿಂತ ಹಗುರವಾಗಿ ನಡೆದುಕೊಳ್ಳುತ್ತದೆ.

ಮೊದಲ ದಿನ ಎರಡು ಕೆನ್ನೆಗಳು ಸಾಕು, ಉಳಿದದ್ದನ್ನು ಮಾಮೂಲಿ ರೇಜರಿನಿಂದ ಮುಗಿಸುವುದರಲ್ಲಿ ಅವಮಾನವೇನೂ ಇಲ್ಲ. ಕುತ್ತಿಗೆಯಲ್ಲಿ ಕೂದಲು ಸುಳಿಸುಳಿಯಾಗಿ ಬೆಳೆದಿರುವುದರಿಂದ ಮುಂಚೆಯೇ ಬೆರಳಾಡಿಸಿ ಅದರ ದಿಕ್ಕನ್ನು ತಿಳಿದಿರಬೇಕು. ಗದ್ದ ಮತ್ತು ಮೇಲ್ದುಟಿಗಳ ಸರದಿ ಕೆಲವು ವಾರಗಳ ಅನಂತರ ಬರಲಿ. ಸಲೂನುಗಳಲ್ಲಿ ಉಲ್ಟಾ ಎಂದು ಕೇಳಿ ಹೊಡೆಸಿಕೊಳ್ಳುವ, ಕೂದಲಿಗೆ ಎದುರಾದ ಕ್ಷೌರವು ಇನ್ನೂ ದೂರದ ಮಾತು.

ಕ್ಷೌರ ಮುಗಿದ ಮೇಲೆ ತಣ್ಣೀರಿನಲ್ಲಿ ಮುಖ ತೊಳೆದು ಪಟಿಕದ ಗಡ್ಡೆಯನ್ನು ಸವರಿದಾಗ ಎಲ್ಲಿ ಚುರುಗುಟ್ಟುತ್ತದೆಯೋ ಅಲ್ಲೆಲ್ಲ ಕೈ ಒತ್ತಿದೆ ಅಥವಾ ಕೋನ ಎದ್ದಿದೆ. ರಕ್ತ ಕಾಣದಿದ್ದರೂ ಪಟಿಕವು ಅದನ್ನು ಹೇಳಿಬಿಡುತ್ತದೆ. ದವಡೆಯ ಅಂಚಿನಲ್ಲಿ ಚುರುಗುಟ್ಟಿದರೆ ಚರ್ಮ ಸಡಿಲವಿತ್ತೆಂದೂ, ಮುಖವೆಲ್ಲ ಒಂದೇ ಸಮನೆ ಉರಿದರೆ ಪಟ್ಟಿಯ ಮೇಲಿನ ಕೆಲಸ ಸಾಲದಾಯಿತೆಂದೂ ಎಣಿಸಿ ಮುಂದಿನ ಸಲ ಅದೊಂದನ್ನೇ ತಿದ್ದಿಕೊಳ್ಳಬೇಕು. ಇಂಗಾಲದ ಉಕ್ಕಿಗೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಅಲಗನ್ನು ಒರೆಸಿ, ಬಟ್ಟೆಯ ಪಟ್ಟಿಯ ಮೇಲೆ ಕೆಲವು ಸಲ ತೀಡಿ, ಹಿಡಿಯೊಳಗೆ ಮಡಚದೆ ಆರಲು ಬಿಡಬೇಕು. ಕರಾವಳಿ ಮಲೆನಾಡುಗಳ ಮಳೆಗಾಲದಲ್ಲಾದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಸ್ನಾನದ ಮನೆಯಿಂದ ದೂರವಾದ ಒಣ ಜಾಗದಲ್ಲಿ ಇಡುವುದು ವಾಸಿ.